ಕೆಂಪಿದ್ದದ್ದು ಮಾತ್ರ

ನಿಯಮ ಬರೆದುಕೊಟ್ಟವಳು ನಾನೇ. ಒಂದೇ ಸಾಲು:
ಕೆಂಪು ಚುಕ್ಕೆ ಇರುವ ಫೋಲ್ಡರನ್ನು ನಕಲು ಮಾಡು,
ಉಳಿದದ್ದನ್ನು ಬಿಡು.
ರಾತ್ರಿ ಮೂರಕ್ಕೆ, ಹೀಯುಮಾ ದ್ವೀಪವೆಲ್ಲ ಮಲಗಿದ ಮೇಲೆ,
ಕರೆಂಟು ಇದ್ದರೆ.

ಇಲ್ಮಾರ್ ಮುದುಕನ ಹತ್ತಿರ ಮೂವತ್ತೊಂದು ವರ್ಷದ ಹಕ್ಕಿಗಳಿದ್ದವು.
ಕ್ರೌಂಚ, ಕಡಲಬಾತು, ರೈ ಹೊಲದೊಳಗೆ
ಬಾಚಣಿಗೆಯ ಹಲ್ಲಿಗೆ ಉಗುರು ಎಳೆದಂತೆ
ಇರುಳಿಡೀ ಕರ್ರ್ ಕರ್ರ್ ಎನ್ನುವ, ಯಾರ ಕಣ್ಣಿಗೂ ಬೀಳದ ಇನ್ನೊಂದು.
ಎಲ್ಲ ಟೇಪಿನಿಂದ ಇಳಿಸಿ, ಹೆಸರಿಟ್ಟು, ತಾರೀಖು ಹಾಕಿ,
ಅಂದಿನ ಗಾಳಿ ಯಾವ ದಿಕ್ಕಿನದು ಎಂಬುದನ್ನೂ ಬರೆದಿದ್ದ.
ಗ್ರಂಥಾಲಯ ಕೊಟ್ಟ ನಕಲಿನ ಡಿಸ್ಕು ಹಳೆಯದು, ಚಿಕ್ಕದು.
ಮೂರರಲ್ಲೊಂದು ಪಾಲು ಹಿಡಿಸಿದರೆ ಹೆಚ್ಚು.
"ಉಳಿಯಲೇಬೇಕಾದ್ದಕ್ಕೆ ಕೆಂಪು," ಎಂದೆ,
"ಹೋದರೆ ಹೋಗಲಿ ಅನ್ನುವುದಕ್ಕೆ ಹಸಿರು."
ತಲೆಯಾಡಿಸಿದ.
ತುಸು ಹೆಚ್ಚೇ ಹೊತ್ತು ಆಡಿಸಿದ, ಈಗ ನೆನೆದರೆ.

ಚುಕ್ಕೆಗಳ ಪಕ್ಕ ಬಣ್ಣದ ಹೆಸರೂ ಇತ್ತು ಮೊದಲು.
ಅಚ್ಚುಕಟ್ಟಾಗಿ ಕಾಣಲೆಂದು ಅಳಿಸಿದವಳೂ ನಾನೇ.

ಆ ಚಳಿಗಾಲವಿಡೀ ಅಡುಗೆಮನೆಯ ಮೇಜಿಗೆ ಕೂತು,
ರೈ ಬ್ರೆಡ್ಡಿನ ಮೇಲೆ ಉಪ್ಪುಮೀನು, ಆರಿಹೋದ ಕಾಫಿ,
ಕೇಳಿದ, ಚುಕ್ಕೆಯಿಟ್ಟ, ಕೇಳಿದ, ಚುಕ್ಕೆಯಿಟ್ಟ.
ಒಂದು ಬೆಳಗನ್ನು ಇಟ್ಟುಕೊಳ್ಳಲು ಇನ್ನೊಂದನ್ನು ಬಿಡಬೇಕು.
ನಲವತ್ನಾಲ್ಕರಲ್ಲಿ ದೋಣಿಯೊಳಗೆ ಜಾಗ ಮೂರೇ ಇತ್ತಂತೆ, ನಾವು ಐವರು,
ಎಂದ ಒಮ್ಮೆ. ಮುಂದೆ ಹೇಳಲಿಲ್ಲ.

ಮಾರ್ಚ್‌ನಲ್ಲಿ ಬಿರುಗಾಳಿ.
ಕರೆಂಟು ಹೋಗಿ ಬಂತು, ಹೋಗಿ ಬಂತು,
ಯಂತ್ರ ಮಾತ್ರ ಬರಲಿಲ್ಲ.

ನಕಲಿನ ಡಿಸ್ಕು ತೆರೆದೆ. ಪಕ್ಕದಲ್ಲಿ ಅವನು.
ಕ್ರೌಂಚ ಮೂರು. ಬಾತು ಒಂದು.
ರೈ ಹೊಲದ್ದು ಇಲ್ಲವೇ ಇಲ್ಲ.
ಆದರೆ 'ಕೆಟ್ಟವು' ಎಂಬ ಫೋಲ್ಡರು ಇಡಿಯಾಗಿ, ಕೂದಲೂ ಕೊಂಕದೆ:
ಮೈಕಿಗೆ ಬಡಿದ ಹದಿನಾಲ್ಕು ಗಂಟೆಯ ಗಾಳಿ.
ತೂರಿದರೆ ಜೊಳ್ಳು ಹಾರಬೇಕು, ಕಾಳು ಉಳಿಯಬೇಕು;
ಇಲ್ಲಿ ಕಾಳೆಲ್ಲ ಹಾರಿಹೋಗಿ
ತೂರಿದ ಗಾಳಿಯೇ ಮೊರದಲ್ಲಿ ಉಳಿದಿತ್ತು.

ಆಗ ನೆನಪಾಯಿತು, ಆಗಸ್ಟಿನ ಕಾಡು.
ಲಿಂಗನ್‌ಬೆರಿ ಆಯುವಾಗ ಒಂದೊಂದನ್ನೂ
ಬೆರಳಲ್ಲಿ ಹಿಸುಕಿ ನೋಡುತ್ತಿದ್ದ. ಬಕೆಟ್ಟಿನಲ್ಲಿ ಅರ್ಧ ಕಾಯಿ.
ಹುಳಿ ಇಷ್ಟ ಎಂದುಕೊಂಡಿದ್ದೆ.
"ನನಗೆ ಎರಡೂ ಒಂದೇ ಕಂದು," ಎಂದ, ತೆರೆಯ ಕಡೆ ನೋಡುತ್ತ.
"ಕೇಳಲು ನಾಚಿಕೆಯಾಯಿತು."

ಗಾಳಿ ಕೇಳುತ್ತ ಕೂತೆವು; ಬೇರೇನು ಮಾಡುವುದು.
ಹಡಗಿನ ಕೂಗು. ಯಾರದೋ ನಾಯಿ.
ಆಮೇಲೆ ತೊಂಬತ್ನಾಲ್ಕರ ಏಪ್ರಿಲ್, ಜೌಗು ನೆಲ, ನಸುಕು.
ಒಂದು ಕ್ರೌಂಚ ಕೊರಳೆತ್ತಿತು,
ಇನ್ನೇನು ಎರಡನೆಯದು ದನಿಗೂಡಿಸಬೇಕು,
ಸೀನು.
ಕಾಲ್ಯೊನದು. ತಂತಿ ಹಿಡಿದು ಜೊತೆಗೆ ಹೋಗುತ್ತಿದ್ದವನು.
ಆ ಸೀನಿಗೇ ಇಬ್ಬರೂ ಮಾತು ಬಿಟ್ಟದ್ದು, ಇಪ್ಪತ್ತೊಂಬತ್ತು ವರ್ಷ.
ಮೂರು ಸಲ ಸೀನಿದ, ಬೇಕೆಂದೇ ಸೀನಿದ ಎಂದು
ದ್ವೀಪವಿಡೀ ಹೇಳಿಕೊಂಡು ತಿರುಗಿದವನು ಇವನು.

"ಇನ್ನೊಮ್ಮೆ ಹಾಕು," ಎಂದ.
ಹಾಕಿದೆ.
ಬೆರಳು ಮಡಿಚಿದ. ಒಂದು.
ಕಾದ. ಗಾಳಿ. ಮತ್ತೆ ಕಾದ.
ರೆಕ್ಕೆಗಳು ಎದ್ದು ದೂರವಾದ ಸದ್ದು,
ನೀರಲ್ಲಿ ಬೂಟು, ಒಂದು ಪಿಸುದನಿ: "ತಪ್ಪಾಯ್ತು ಮಾರಾಯ."
ಮಡಿಚಿದ್ದು ಒಂದೇ ಬೆರಳು.

ನಾನು ಹೊಸ ನಿಯಮ ಬರೆಯತೊಡಗಿದೆ: ಬಣ್ಣ ಬೇಡ,
'ಇರಲಿ' ಎಂಬ ಪದ ಕಂಡರೆ ನಕಲು ಮಾಡು.
ಅವನು ಇತ್ತ ನೋಡಲೇ ಇಲ್ಲ.
ಒಂದು ಸೀನು ಎಷ್ಟು ಜಾಗ ಹಿಡಿಯುತ್ತದೆ ಎಂದು ಕೇಳಿದ.
ಏನಿಲ್ಲ, ಸಾಸಿವೆಯಷ್ಟು, ಎಂದೆ.
ಕೋಟಿನ ಕಿಸೆಯಲ್ಲಿ ಹಿಡಿಸುತ್ತದೆಯೇ ಎಂದ.
ಆಚೆ ದಡಕ್ಕೆ ಮೊದಲ ಹಡಗು ಎಷ್ಟಕ್ಕೆ ಎಂದ.