ಪುರ್ಸೋ ಮಾಮನ ಸರಪಳಿ

ಬೈತಖೋಲದ ಪುರ್ಸೋ ಮಾಮನ ಮನೆಯ ಹೊರಗೋಡೆಗೆ
ಮೊಳೆ ಹೊಡೆದು ತೂಗುಹಾಕಿದ್ದ ಒಂದು ಸರಪಳಿ.
ದೋಣಿಯದ್ದಲ್ಲ, ದನದ್ದಲ್ಲ.
ಲಾರಿಯ ಟೈರಿಗೆ ಕಟ್ಟುವುದು, ಲಡಾಖಿನದು.
ಹದಿನೇಳು ವರ್ಷ ಮಿಲಿಟರಿ ಟ್ರಕ್ಕು ಓಡಿಸಿ
ಬರುವಾಗ ತಂದದ್ದು ಅದೊಂದು.
ಬಿಟ್ಟು ಬಂದದ್ದೂ ಒಂದು:
ಚಳಿ ಕಚ್ಚಿದ ಎಡಗಾಲಿನ ಕಿರುಬೆರಳು.

ಅಲ್ಲಿ ಅದಕ್ಕೆ ತುಕ್ಕು ಹಿಡಿಯಲೇ ಇಲ್ಲವಂತೆ.
ಇಲ್ಲಿ ಉಪ್ಪುಗಾಳಿ ಎರಡೇ ಮಳೆಗಾಲದಲ್ಲಿ
ಗೇರುಹಣ್ಣಿನ ಬಣ್ಣ ಮಾಡಿಟ್ಟಿತು.

ನನಗೆ ಟೆಂಪೋ ಕಲಿಸಿದ್ದು ಅವನೇ.
ಹಿಮ ಬೀಳದ ಊರಿನ ಹುಡುಗಿಗೆ ಹಿಮದ ಪಾಠ:
"ಜಾರಿದರೆ ಬ್ರೇಕು ಮರೆತುಬಿಡು.
ಆಗ ಬ್ರೇಕು ಒತ್ತೋದು ಹೆದರಿಕೆ, ಕಾಲಲ್ಲ.
ಆಕ್ಸಿಲರೇಟರು ಬಿಡು, ಸ್ಟೇರಿಂಗು ತಿರುಗಿಸು
ಮಲಗಿದ ಮಗುವಿನ ತಲೆ ತಿರುಗಿಸಿದ ಹಾಗೆ.
ಇಳಿಜಾರಿಗೆ ಎರಡನೇ ಗೇರು. ಮೊದಲೇ ಹಾಕು.
ಇಳಿಯಲು ಶುರುವಾದ ಮೇಲೆ ನೆನಪಾದರೆ
ಅದು ಗೇರಲ್ಲ, ಹರಕೆ."

"ಇಲ್ಲೆಲ್ಲಿ ಮಾಮ ಹಿಮ, ಬನೀನೂ ಭಾರವಾಗುವ ಊರಲ್ಲಿ?"
ಅವನು ಹಿಂದಕ್ಕೆ ಬೆರಳು ತೋರಿಸಿದ:
ಮೂವತ್ತೆರಡು ಕ್ರೇಟು ಬಂಗಡೆ, ಮೇಲೆ ಕೆಳಗೆ
ಕಾರ್ಖಾನೆಯಲ್ಲಿ ಪುಡಿ ಮಾಡಿದ ಐಸು.
"ಹಿಮಾಲಯ ಹೊತ್ತು ಹೊರಟಿದ್ದೀಯಲ್ಲ, ಇನ್ನೆಂತ ಬೇಕು?"

ಡಿಸೆಂಬರು. ಹುಬ್ಬಳ್ಳಿಯಲ್ಲಿ ಮಾಲು ಇಳಿಸಿ
ಯಲ್ಲಾಪುರದಲ್ಲಿ ಚಾ ಕುಡಿದು
ಅರಬೈಲು ಇಳಿಯುವಾಗ ಇನ್ನೂ ಬೆಳಕು ಹರಿದಿರಲಿಲ್ಲ.
ಮಂಜು.
ಮಾಮನ ಬೆಟ್ಟದ್ದಕ್ಕೂ ನನ್ನ ಘಟ್ಟದ್ದಕ್ಕೂ
ನಮ್ಮಲ್ಲಿ ಒಂದೇ ಹೆಸರು.
ದೊಡ್ಡ ಲೈಟು ಹಾಕಿದರೆ ಎದುರಿಗೆ ಸುಣ್ಣದ ಗೋಡೆ;
ಸಣ್ಣದು ಹಾಕಿ, ಗಾಜು ಇಳಿಸಿ,
ಕಿವಿಯಿಂದ ಓಡಿಸಿದೆ.
ಎರಡನೇ ಗೇರಿನಲ್ಲಿ ಇಂಜಿನ್ನು ಗೊಣಗುತ್ತಿತ್ತು.
ಗೊಣಗಲಿ, ಗೊಣಗುವವರು ಬೇಗ ಬೀಳುವುದಿಲ್ಲ.

ಮೂರನೇ ತಿರುವಿನಲ್ಲಿ ಹಿಂದಿನ ಚಕ್ರ
ನನ್ನನ್ನು ಕೇಳದೆ ಬಲಕ್ಕೆ ಹೊರಟಿತು.
ಕಾಲು ಬ್ರೇಕಿನ ಕಡೆ ಹೋದದ್ದು ಗೊತ್ತಾಯಿತು.
ಅಲ್ಲೇ ನಿಲ್ಲಿಸಿದೆ ಅದನ್ನು, ಗಾಳಿಯಲ್ಲಿ.
ಮಗು. ತಲೆ. ಮೆಲ್ಲಗೆ.
ಟೆಂಪೋ ಒಮ್ಮೆ ನಡುಗಿ ನೆಟ್ಟಗಾಯಿತು.

ಬದಿಯಲ್ಲಿ ಬಿದ್ದಿತ್ತು ಒಂದು ಬೈಕು,
ಮಗುಚಿದ ಹಾಲಿನ ಕ್ಯಾನು, ಡಾಂಬರಿನ ಮೇಲೆಲ್ಲ ಬಿಳಿ.
ಕಲ್ಲಿನ ಮೇಲೆ ಕೂತವ ಇಡಗುಂದಿಯ ಜುಜೆ ಸಿದ್ದಿಯಂತೆ.
ಮೊಣಕೈ ಕಿತ್ತಿತ್ತು. ಬೈಯಲಿಲ್ಲ.
ರಸ್ತೆಗೆ ಒತ್ತಿದ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದ:
"ವಾಸನೆ ನೋಡು. ನಿಮ್ಮದೇ."

ಬಂಗಡೆ.
ಮುಂದೆ ಹೋದ ಯಾವುದೋ ಲಾರಿಯ ಐಸು ಕರಗಿ
ತಿರುವಿನುದ್ದಕ್ಕೂ ಎಣ್ಣೆಯ ಹಾಗೆ.
ತಿರುಗಿ ನೋಡಿದೆ.
ಖಾಲಿ ಕ್ರೇಟಿನಲ್ಲಿ ಉಳಿದ ಐಸು
ನನ್ನ ಟೆಂಪೋದ ಬಾಲದಿಂದಲೂ
ತೊಟ್, ತೊಟ್.

ಮಾಮ ಇನ್ನೊಂದು ಮಾತು ಹೇಳಿದ್ದ:
"ಹಿಮದಲ್ಲಿ ಮುಂದಿನವನ ಚಕ್ರದ ಗುರುತೇ ದಾರಿ.
ನೀನು ಬಿಟ್ಟು ಹೋದದ್ದರ ಮೇಲೆ ಹಿಂದಿನವನು ಬರುತ್ತಾನೆ."
ಆವತ್ತು ನಾನು ಮೊಬೈಲು ನೋಡುತ್ತಿದ್ದೆನೇನೋ.

ಸಂಜೆ, ಕೇಳದೆ, ಸರಪಳಿಯನ್ನು ಮೊಳೆಯಿಂದ ಇಳಿಸಿದೆ.
ಎರಡು ಮೊಳದ ತುಂಡು, ಒಂದು ಹಳೆಯ ಎಣ್ಣೆ ಡಬ್ಬ,
ನೀರು ಸುರಿಯುವ ಪೈಪಿನ ಬಾಯಿಗೆ ಕಟ್ಟಿದೆ.
ಗುಂಡಿಗೊಮ್ಮೆ ಠಣ್ ಎನ್ನುತ್ತದೆ.
ರಾಮನಗುಳಿಯಲ್ಲಿ ಪೊಲೀಸನೊಬ್ಬ ಬಗ್ಗಿ ಕೇಳಿದ, ಎಂತದಿದು?
ತುಂಬಿದರೆ ಚೆಲ್ಲಲು ನಿಲ್ಲಬೇಕು, ಹತ್ತು ನಿಮಿಷ ತಡ,
ಹುಬ್ಬಳ್ಳಿಯ ಸಾವುಕಾರನ ಬೈಗುಳ ಬೇರೆ.

ಮೊದಲ ಟ್ರಿಪ್ಪು ಮುಗಿಸಿ ಬಂದಾಗ
ಮಾಮ ಹೊರಗೆ ಬಂದು ಇಣುಕಿದ.
ಬೋಳಾದ ಮೊಳೆಯ ಮಾತೆತ್ತಲಿಲ್ಲ.
ನಾಲ್ಕು ಬೆರಳಿನ ಪಾದದಿಂದ ಡಬ್ಬವನ್ನು ಒದ್ದು ನೋಡಿ
"ಸಡಿಲ ಉಂಟು" ಎಂದ, "ಬಿಗಿ ಮಾಡು."