ಮೊರ

ತಿಂಗಳ ಎರಡನೇ ಶನಿವಾರ, ಹಾಸನದ ಪೆನ್ಷನ್ ಮೊಹಲ್ಲಾದ ಶಾಲೆ.
ಹಳೇ ಹಾಸ್ಟೆಲ್ ಗೆಳತಿಯರ ಸಂಘ:
ಏಳು ಜನ, ಮೂರು ಮಂಡಿನೋವು,
ರಟ್ಟಿನ ಡಬ್ಬಿ ತುಂಬ ಓದುವ ಕನ್ನಡಕ.

ಲೆಕ್ಕ ಬರೆಯುವವಳು ನಾನು. ತಲೆ ಎತ್ತದೆ ಕೇಳಿದೆ,
ಹೆಸರು?
"ಚೆನ್ನಾಜಮ್ಮ."
ಪೆನ್ನು ನಿಂತಿತು.

ಬೆಳಗಿನ ಐದಕ್ಕೆ ತಟ್ಟೆ ಬಡಿದು
ನಲವತ್ತು ಹುಡುಗಿಯರನ್ನು ಎಬ್ಬಿಸುತ್ತಿದ್ದ ದನಿ.
ಎರಡನೇ ಮುದ್ದೆಗೆ ಕೈ ಚಾಚಿದರೆ
"ಇನ್ನೂ ಹದಿನಾರು ಜನ ಅವ್ರೆ ಕಣವ್ವ" ಅಂದ ದನಿ.

ಫರ್ಹಾನಾ ಗೋಡೆಯ ಪಟ ತೋರಿಸಿದಳು:
ಯಾವ ಸಾಲಿನವರೆಗೆ ಕಾಣುತ್ತೆ?
ನೋಡಿದಳು, ನೋಡಿದಳು.
"ಕಪ್ಪು ಕಪ್ಪಗೆ ಚೆಂದಾಗೈತೆ.
ಅಕ್ಷರ ಯಾರಿಗೆ ಗೊತ್ತವ್ವ?"

ಮೂರು ವರ್ಷ ಅವಳ ಕೈಯ ಅನ್ನ ಉಂಡು
ಬಿ.ಎ., ಬಿ.ಎಸ್ಸಿ. ಆದವರು ನಾವು.
ಯಾರೂ ಕೇಳಿರಲಿಲ್ಲ.

ಬಿಸಿಯೂಟದ ಕೋಣೆಯಿಂದ ಫರ್ಹಾನಾ
ಒಂದು ಹಿಡಿ ಅಕ್ಕಿ ತಂದು
ನನ್ನ ರಸೀದಿ ಪುಸ್ತಕದ ಮೇಲೆ ಹರಡಿದಳು.
ಒಂದೂವರೆ ನಂಬರು: ಮಂಜು ಮಂಜು.
ಎರಡು: ಊಹೂಂ.
ಎರಡೂವರೆಗೆ ಬೆರಳು ಚುರುಕಾಯಿತು.
ಒಂದು ಕಲ್ಲು. ಇನ್ನೊಂದು. ಒಂದು ನೆಲ್ಲು.
ಆಮೇಲೆ ಕನ್ನಡಕದ ಮೇಲಿಂದ ನನ್ನನ್ನೇ ದಿಟ್ಟಿಸಿ,
"ನೀನು ಉಪ್ಪಿನಕಾಯಿ ಕಳ್ಳಿ ಅಲ್ವೇನವ್ವ?"

ಸಂಘದ ಈ ತಿಂಗಳ ಖರ್ಚು:
ಕನ್ನಡಕ ಮೂವತ್ತೊಂದು, ಟೀ, ಆಟೋ,
ಬಿದಿರಿನ ಮೊರ ಒಂದು.