ಒಳಮಡಿಕೆಯಲ್ಲಿ ಎರಡು ಬೆರಳು

ಹಿಂದಿನ ರಾತ್ರಿ
ಅಂಗಡಿಯ ಬಾಗಿಲೆಳೆದು, ಟ್ಯೂಬ್‌ಲೈಟಿನ ಕೆಳಗೆ
ಮಗನನ್ನು ನಿಲ್ಲಿಸಿ ಎದೆಯಳತೆ ತೆಗೆದೆ.
ಮೂವತ್ತು ವರ್ಷದಿಂದ ಇದೇ ಟೇಪು.
ಮೂನ್ ನದಿಯ ಈಚೆ ದಡದ ಶಾಲೆಮಕ್ಕಳು
ಎಷ್ಟೆಷ್ಟು ಬೆಳೆದರೆಂದು ಇದಕ್ಕೆ ಗೊತ್ತು.
ಎಪ್ಪತ್ತಾರು ಸೆಂಟಿಮೀಟರಿಗೆ ಒಂದು ಗೆರೆ ಕಡಿಮೆಯಾದರೆ
ಸರ್ಕಾರಕ್ಕೆ ಬೇಡ, ಮನೆಗೆ ವಾಪಸ್ಸು.
"ಉಸಿರು ಬಿಡು, ಪೂರ್ತಿ ಬಿಡು" ಅಂದೆ.
ದನೈ ನಕ್ಕುಬಿಟ್ಟ.
ನಕ್ಕಾಗ ಟೇಪು ಎಂಬತ್ತೆರಡಕ್ಕೆ ಜಾರಿತು.
ಮೀನು, ಮೊಟ್ಟೆ, ಅಂಟನ್ನದ ಉಂಡೆ
ಗದರಿಸಿ ಗದರಿಸಿ ತಿನ್ನಿಸಿದವಳು ನಾನೇ,
ಯಾರನ್ನು ದೂರಲಿ?

ಹೈಸ್ಕೂಲಿನಲ್ಲೇ ಮೂರು ವರ್ಷ ಕವಾಯತು ಮುಗಿಸಿದವರಿಗೆ
ಈ ಚೀಟಿಯ ಗೊಡವೆಯಿಲ್ಲ.
ಪೇಟೆಯ ಮಕ್ಕಳು ಮುಗಿಸಿದರು.
ನನ್ನವನು ಅಷ್ಟು ಹೊತ್ತಿಗೆ ಪುಸ್ತಕ ಕಟ್ಟಿಟ್ಟು
ಬೈಕಿನ ಚೈನಿಗೆ ಎಣ್ಣೆ ಹಚ್ಚುತ್ತಿದ್ದ.
ಕಾನೂನು ಎಲ್ಲರಿಗೂ ಒಂದೇ ಎಂದು ನೋಟೀಸಿನಲ್ಲಿದೆ.
ಬಾರದಿದ್ದರೆ ಜೈಲು ಎಂದೂ ಇದೆ.

ಏಪ್ರಿಲ್ಲು. ವಿಹಾರದ ಅಂಗಳ. ಕಾದ ತಗಡಿನ ಚಪ್ಪರ.
ಅಂಗಿ ಬಿಚ್ಚಿ ಸಾಲಾಗಿ ಕೂತ ಹುಡುಗರು,
ತೋಳಿನ ಮೇಲೆ ಶಾಯಿಯಲ್ಲಿ ಒಂದೊಂದು ಅಂಕಿ,
ಬೆವರಿಗೆ ಅದೂ ಕರಗಿ ಮೊಣಕೈಗೆ ಇಳಿಯುತ್ತಿತ್ತು.
ಹಗ್ಗದ ಆಚೆ ನಾವು, ತಾಯಂದಿರು.
ಬುವಾಲೈ ನನ್ನ ಪಕ್ಕ,
ಅವಳ ವಿಥೂನ್ ನನ್ನ ಮಗನ ಹಿಂದಿನ ನಂಬರು.
ಒಂದೇ ಕೆರೆಯಲ್ಲಿ ಈಜು ಕಲಿತವರು.
ಬಟ್ಟೆ ಉಳಿಯಲೆಂದು ಒಂದೇ ತುಂಡಿನಲ್ಲಿ
ಇಬ್ಬರಿಗೂ ಚಡ್ಡಿ ಕತ್ತರಿಸಿದ್ದೆ ಒಮ್ಮೆ.

ಕೆಂಪು ಬಂದರೆ ಎರಡು ವರ್ಷ.
ಅವತ್ತು ಒಂದು ದಿನ ಕಪ್ಪೇ ಶುಭ.
ಬೆಳಗಿನಿಂದ ಬೆರಳು ಮಡಚಿ ಎಣಿಸಿದ್ದೆ:
ದನೈ ಎದ್ದಾಗ ಡಬ್ಬಿಯಲ್ಲಿ ಏಳು ಚೀಟಿ, ಮೂರು ಕೆಂಪು.
ಕೈ ಮೇಲೆತ್ತಿ, ಮುಖ ಬೇರೆಡೆ ತಿರುಗಿಸಿ,
ಮೇಲಿಟ್ಟ ಡಬ್ಬಿಯೊಳಗೆ ಹುಡುಕಿದ,
ಚಿಕ್ಕವನಿದ್ದಾಗ ಅಟ್ಟದ ಮೇಲಿನ ಬೆಲ್ಲಕ್ಕೆ
ಹೀಗೇ ತಡಕುತ್ತಿದ್ದ.
ಅಧಿಕಾರಿ ಬಿಡಿಸಿ ನೋಡಿ ಕೂಗಿದ:
ಕಪ್ಪು!

ನಾನು ಕಿರುಚಿದೆ. ಚಪ್ಪಲಿ ಎಲ್ಲಿ ಹೋಯಿತೋ.
ಯಾರನ್ನೋ ತಬ್ಬಿಕೊಂಡೆ, ತಬ್ಬಿದ್ದು ಬುವಾಲೈಯನ್ನು.
ಅವಳ ಮೈ ಮರದ ಹಾಗಿತ್ತು.
ಆಗ ಹೊಳೆಯಿತು ಲೆಕ್ಕ:
ಈಗ ಆರು ಚೀಟಿ. ಕೆಂಪು ಮೂರೇ.
ದರ್ಜಿಯವಳಿಗೆ ಇದು ತಿಳಿಯದೇ?
ಒಂದಂಗಿಗೆ ಧಾರಾಳ ಕತ್ತರಿಸಿದರೆ
ಇನ್ನೊಂದಕ್ಕೆ ತೋಳು ಗಿಡ್ಡ.

ವಿಥೂನ್ ಡಬ್ಬಿಯಲ್ಲಿ ಹುಡುಕಲೇ ಇಲ್ಲ.
ಕೈಗೆ ಸಿಕ್ಕಿದ್ದನ್ನು ತೆಗೆದುಕೊಟ್ಟ.

ಹತ್ತು ವಾರ ಕಳೆದು ರಜೆಗೆ ಬಂದಾಗ
ಹಸಿರು ಸಮವಸ್ತ್ರ ತಂದು ಮೇಜಿನ ಮೇಲಿಟ್ಟ.
"ದೊಗಲೆಯಾಗಿದೆ, ಚಿಕ್ಕಮ್ಮ. ಹಿಡಿಸಿಕೊಡಿ."
ತಾಯಿ ಜೊತೆಗೆ ಬಂದಿರಲಿಲ್ಲ,
ಕೂಲಿ ಮಾತ್ರ ಎಣಿಸಿ ಕಳಿಸಿದ್ದಳು,
ಚಿಲ್ಲರೆ ಸಮೇತ.
ದನೈ ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ,
ಒಳಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ.

ಟೇಪು ಸುತ್ತಿದೆ.
ಉಸಿರು ಬಿಡೆಂದು ಯಾರೂ ಹೇಳದೆಯೇ
ಎಪ್ಪತ್ನಾಲ್ಕು.
ಇನ್ನೊಮ್ಮೆ ಸುತ್ತಿದೆ. ಎಪ್ಪತ್ನಾಲ್ಕೇ.
ಈ ಅಳತೆಯವನು
ಅವತ್ತು ಸಾಲಿನಲ್ಲಿ ಕೂರಬೇಕಾಗಿರಲಿಲ್ಲ.

ಏನೂ ಹೇಳದೆ ಪುಸ್ತಕದಲ್ಲಿ ಬರೆದುಕೊಂಡೆ.
ರಾತ್ರಿಯೆಲ್ಲ ಕೂತು ಹಿಡಿಸಿದೆ:
ಪಕ್ಕೆಯಲ್ಲಿ, ಭುಜದಲ್ಲಿ, ನಡುವಿನಲ್ಲಿ.
ಹೆಚ್ಚುಳಿದ ಬಟ್ಟೆಯನ್ನು ಕತ್ತರಿಸಲಿಲ್ಲ.
ಜೂನ್‌ನಲ್ಲಿ ಶಾಲೆಮಕ್ಕಳ ಅಂಗಿಗೆ ಬಿಡುವ ಹಾಗೆ
ಒಳಮಡಿಕೆಯಲ್ಲಿ ಎರಡು ಬೆರಳಗಲ ಬಿಟ್ಟು
ದೂರ ದೂರದ ಹೊಲಿಗೆ ಹಾಕಿದೆ,
ಎಳೆದರೆ ಬಿಚ್ಚುವಂತೆ.

ಕೂಲಿಯನ್ನು ಜೇಬಿನಲ್ಲಿಟ್ಟು
ಜೇಬಿನ ಬಾಯಿ ಹೊಲಿದೆ.